ಮೂರನೆಯ ಹಸುವಿಗೆ ಮುನ್ನ

ಎರಡು ಹಸು ಸಾಕಿಕೊಂಡಿರುವ ಮನೆಯವರ ಜೊತೆ ಇವತ್ತು ನನ್ನ ಮಾತು. ಉಡಿಗಾಲದ ಕಡೆಯ ಮನೆ ಅಂತಲೇ ಇಟ್ಟುಕೊಳ್ಳಿ. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಿನ ಸೀಮೆ. ಎರಡು ಎಕರೆ ಜಮೀನು. ಅದರಲ್ಲಿ ಸ್ವಲ್ಪಕ್ಕೆ ಕೊಳವೆಬಾವಿಯ ನೀರು, ಉಳಿದದ್ದಕ್ಕೆ ಮಳೆಯೇ ಗತಿ. ಜೋಳ, ಹುರುಳಿ, ಒಂದಿಷ್ಟು ಅರಿಶಿನ, ಒಂದಿಷ್ಟು ಬಾಳೆ. ಕೊಟ್ಟಿಗೆಯಲ್ಲಿ ಎರಡು ಸೀಮೆಹಸು, ಒಂದು ಕರು. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಡೈರಿಗೆ ಹೋಗುವ ಹಾದಿ.

ಇಂಥ ಮನೆಯವರಿಗೆ ಸಭೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ಹೈನುಗಾರಿಕೆ ಉಪಕಸುಬಾಗಿ ಉಳಿಯಬಾರದು, ಉದ್ಯಮವಾಗಬೇಕು ಎನ್ನುವ ಮಾತು. ಕೇಳಿದವರ ಕಣ್ಣಿಗೆ ಏನು ಕಾಣುತ್ತದೆ? ತಗಡಿನ ದೊಡ್ಡ ಶೆಡ್ಡು, ಹಾಲು ಕರೆಯುವ ಯಂತ್ರ, ಸಾಲಾಗಿ ನಿಂತ ಹತ್ತು ಹಸು. ಅದರ ಹಿಂದೆಯೇ ಬ್ಯಾಂಕಿನ ಸಾಲ. ಅಷ್ಟು ಆಗದಿದ್ದರೆ ಇನ್ನೊಂದು ಹಸುವನ್ನಾದರೂ ತರೋಣ ಅನ್ನಿಸುತ್ತದೆ. ಎರಡಕ್ಕೆ ಮೂರಾದರೆ ಆದಾಯ ಒಂದೂವರೆ ಪಟ್ಟು ಆಗುತ್ತದಲ್ಲ ಎಂಬ ಲೆಕ್ಕ.

ಆ ಲೆಕ್ಕವನ್ನು ಸ್ವಲ್ಪ ನಿಲ್ಲಿಸಿ ಎಂದು ಕೇಳಿಕೊಳ್ಳಲು ಬಂದಿದ್ದೇನೆ. ಮೂರನೆಯ ಹಸು ಬೇಡ ಎನ್ನುತ್ತಿಲ್ಲ. ಮನೆಯಲ್ಲಿರುವ ಎರಡು ಹಸು ಪೂರ್ತಿ ದುಡಿಯುವಂತೆ ಮಾಡಿಕೊಂಡ ಮೇಲೆ ಮೂರನೆಯದು ಬರಲಿ ಎನ್ನುತ್ತಿದ್ದೇನೆ. ಎರಡು ಹಸುವಿನಲ್ಲಿ ಸೋರುತ್ತಿರುವುದು ಮೂರನೆಯದರಲ್ಲೂ ಸೋರುತ್ತದೆ. ಆಗ ಸಾಲದ ಕಂತು ಮಾತ್ರ ಹೊಸದು.

ಮೊದಲು ಒಂದು ತಪ್ಪು ಅಭಿಪ್ರಾಯವನ್ನು ಬದಿಗಿಡೋಣ. ಸಣ್ಣ ರೈತನಿಗೆ ವ್ಯಾಪಾರ ತಿಳಿಯದು, ಅವನಿಗೆ ಅದನ್ನು ಕಲಿಸಬೇಕು ಎಂದು ಎಷ್ಟೋ ಜನ ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಸೀಮೆಯಲ್ಲೇ ಅದಕ್ಕೆ ಉತ್ತರವಿದೆ. ಹಂಗಳ ನಿಮಗೆ ಗೊತ್ತು. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ದಾರಿಯಲ್ಲಿ, ಬಂಡೀಪುರ ಕಾಡಿನ ಅಂಚಿನಲ್ಲಿರುವ ಊರು. ಅಲ್ಲಿ 1990ರ ದಶಕದಲ್ಲಿ ಏನು ನಡೆಯಿತು ಎಂಬುದನ್ನು ಎಂ.ಡಿ. ಮಧುಸೂದನ್ ಎಂಬ ಸಂಶೋಧಕರು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದರು.

ಕತೆ ಹೀಗಿದೆ. ಮೊದಲು ಸಗಣಿ ಗೊಬ್ಬರ ಊರ ಹೊಲಗಳಿಗೇ ಹೋಗುತ್ತಿತ್ತು. 1994ರಲ್ಲಿ ದೂರದ ಬ್ರೆಜಿಲ್ ದೇಶದಲ್ಲಿ ಮಂಜು ಹೆಪ್ಪುಗಟ್ಟಿ ಕಾಫಿ ಗಿಡಗಳು ಸುಟ್ಟವು. ಜಗತ್ತಿನಲ್ಲೆಲ್ಲ ಕಾಫಿಯ ಬೆಲೆ ಏರಿತು. ನಮ್ಮ ಪಕ್ಕದ ವಯನಾಡಿನ ಕಾಫಿ ತೋಟದವರ ಕೈಗೆ ಹಣ ಬಂತು. ತೋಟಕ್ಕೆ ಗೊಬ್ಬರ ಬೇಕಾಯಿತು. ಹಂಗಳದ ಕಡೆಯ ಸಗಣಿ ಲಾರಿ ಹತ್ತಿ ಗಡಿ ದಾಟಿತು. ಹಾಲು ಕೊಡದ ನಾಟಿ ದನವೂ ಸಗಣಿಯಿಂದಲೇ ದುಡ್ಡು ತಂದಿತು. ಜನ ದನ ಹೆಚ್ಚಿಸಿಕೊಂಡರು. ಮೇಯಿಸಲು ಕಾಡು ಇತ್ತು.

ನೋಡಿ, ಎಲ್ಲಿಯ ಬ್ರೆಜಿಲ್, ಎಲ್ಲಿಯ ಹಂಗಳ! ಯಾವ ತರಬೇತಿಯೂ ಇಲ್ಲದೆ ಅಲ್ಲಿನ ಜನ ಬೆಲೆಯ ಗಾಳಿ ಎತ್ತ ಬೀಸುತ್ತಿದೆ ಎಂದು ತಿಳಿದರು. ಅದಕ್ಕೆ ತಕ್ಕಂತೆ ಕೊಟ್ಟಿಗೆಯನ್ನು ಬದಲಿಸಿದರು. ವ್ಯಾಪಾರದ ಬುದ್ಧಿ ಎಂದರೆ ಇದೇ. ಆದರೆ ಅದೇ ಕತೆಯಲ್ಲಿ ಎರಡು ಎಚ್ಚರಿಕೆಗಳೂ ಇವೆ. ಒಂದು, ಆ ದನಗಳ ಮೇವಿನ ಬೆಲೆಯನ್ನು ಕಾಡು ತೆತ್ತಿತು. ದನ ಮೇದಷ್ಟೂ ಜಿಂಕೆ, ಕಾಟಿಗಳಿಗೆ ಹುಲ್ಲು ಕಡಿಮೆಯಾಯಿತು. ಹುಲಿಗೆಂದು ಕಾಯ್ದಿಟ್ಟ ಕಾಡನ್ನು ಲೆಕ್ಕದಲ್ಲಿ ಪುಕ್ಕಟೆ ಎಂದು ಬರೆದುಕೊಳ್ಳುವ ಕಾಲ ಈಗಿಲ್ಲ. ಎರಡು, 2000ದ ಹೊತ್ತಿಗೆ ಕಾಫಿ ಬೆಲೆ ಕುಸಿಯಿತು. ದೂರದ ಒಂದು ಬೆಲೆಯನ್ನೇ ನಂಬಿ ದನ ಹೆಚ್ಚಿಸಿಕೊಳ್ಳುವವನು ಆ ಬೆಲೆಯ ಜೊತೆಗೇ ಏಳಬೇಕು, ಬೀಳಬೇಕು.

ಹಾಗಾದರೆ ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಹಸುವಿನ ಸಂಖ್ಯೆ ಹೆಚ್ಚಿಸುವುದೇ ಉದ್ಯಮವಲ್ಲ. ವ್ಯಾಪಾರದ ಬುದ್ಧಿ ನಮ್ಮ ಜನಕ್ಕೆ ಹೊಸದೂ ಅಲ್ಲ. ಇನ್ನು ಹಾಲಿನ ವಿಷಯಕ್ಕೆ ಬರೋಣ.

ಹಾಲಿಗೆ ಇರುವ ಒಂದು ದೊಡ್ಡ ಅನುಕೂಲ ನಮ್ಮ ಬೇರೆ ಯಾವ ಬೆಳೆಗೂ ಇಲ್ಲ. ಅರಿಶಿನ ಒಂದು ವರ್ಷ ಚಿನ್ನ, ಮರುವರ್ಷ ಅಗೆದ ಕೂಲಿಯೂ ಹುಟ್ಟುವುದಿಲ್ಲ. ಈರುಳ್ಳಿ, ಟೊಮೆಟೊ ಬೆಳೆದವರ ಪಾಡು ನಿಮಗೇ ಗೊತ್ತು. ಹಾಲಿನ ದರ ಮಾತ್ರ ಕರೆಯುವುದಕ್ಕೆ ಮೊದಲೇ ಗೊತ್ತಿರುತ್ತದೆ. ಇದು ತಾನಾಗಿ ಬಂದದ್ದಲ್ಲ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಹೈನು ಅಭಿವೃದ್ಧಿ ಯೋಜನೆ ಶುರುವಾಯಿತು. ಗುಜರಾತಿನ ಆಣಂದ್‌ನಲ್ಲಿ ಮಾಡಿದ ಹಾಗೆ ಊರೂರಿಗೆ ಸಹಕಾರ ಸಂಘ ಕಟ್ಟಿದರು. 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳ ಎಂದಾಯಿತು. ನಂದಿನಿ ಎಂಬ ಹೆಸರು ಮನೆಮನೆಗೆ ಬಂತು. ನಮ್ಮ ಹಾಲು ಮೊದಲು ಮೈಸೂರಿನ ಒಕ್ಕೂಟಕ್ಕೆ ಸೇರಿತ್ತು. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಯಿತು. ಅದಾಗಿ ಬಹಳ ವರ್ಷಕ್ಕೆ ನಮ್ಮದೇ ಒಕ್ಕೂಟ ಬಂತು. ಕುದೇರಿನಲ್ಲಿ ಅದರ ಡೈರಿ ಇದೆ. ದರದ ಮೇಲೆ ಸರ್ಕಾರದ ಪ್ರೋತ್ಸಾಹಧನವೂ ಉಂಟು. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದದ್ದು ಮುಂದೆ 5 ರೂಪಾಯಿಗೆ ಏರಿತು.

ಅಂದರೆ ಮಾರುಕಟ್ಟೆ ಬೀದಿಯ ತುದಿಗೇ ಬಂದು ನಿಂತಿದೆ. ದರವನ್ನು ನಾವು ಒಬ್ಬೊಬ್ಬರಾಗಿ ಏರಿಸಲಾರೆವು. ಹಾಗಾದರೆ ನಮ್ಮ ಕೈಯಲ್ಲಿರುವುದು ಯಾವುದು? ಒಂದು ಲೀಟರ್ ಹಾಲಿಗೆ ನಮಗೆ ಬೀಳುವ ಖರ್ಚು. ಲಾಭವೆಲ್ಲ ಅಲ್ಲೇ ಅಡಗಿದೆ. ಆ ಖರ್ಚು ಎಲ್ಲಿ ಹೆಚ್ಚುತ್ತದೆ ಎಂದು ಈಗ ನೋಡೋಣ.

ಮೊದಲನೆಯದು, ಬರಿದಾಗಿ ಕಳೆಯುವ ದಿನಗಳು.

ಹಸು ಎಷ್ಟು ಲೀಟರ್ ಕೊಡುತ್ತದೆ ಎಂದು ಎಲ್ಲರೂ ಕೇಳುತ್ತೇವೆ. ಎಷ್ಟು ತಿಂಗಳಿಗೊಮ್ಮೆ ಈಯುತ್ತದೆ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಎರಡನೆಯ ಪ್ರಶ್ನೆಯೇ ದೊಡ್ಡದು. ಹದಿಮೂರು ತಿಂಗಳಿಗೊಮ್ಮೆ ಈಯುವ ಹಸು ಆರೂವರೆ ವರ್ಷದಲ್ಲಿ ಆರು ಕರು ಹಾಕುತ್ತದೆ. ಹದಿನೆಂಟು ತಿಂಗಳಿಗೊಮ್ಮೆ ಈಯುವ ಹಸು ಅಷ್ಟೇ ಕಾಲದಲ್ಲಿ ನಾಲ್ಕು ಹಾಕುತ್ತದೆ. ಎರಡೂ ಅಷ್ಟೇ ತಿಂದಿರುತ್ತವೆ. ಎರಡಕ್ಕೂ ಅಷ್ಟೇ ಚಾಕರಿ ಮಾಡಿರುತ್ತೇವೆ. ಒಂದರಲ್ಲಿ ಎರಡು ಸೂಲಿನ ಹಾಲು ಹೋಯಿತು, ಎರಡು ಕರು ಹೋದವು.

ಇದು ಹೇಗಾಗುತ್ತದೆ? ಹಸು ಬೆದೆಗೆ ಬರುವುದು ಸುಮಾರು 21 ದಿನಕ್ಕೊಮ್ಮೆ. ಬೆದೆ ಇರುವುದು ಒಂದು ಹಗಲೋ ಒಂದು ರಾತ್ರಿಯೋ. ಅದು ಕಣ್ತಪ್ಪಿತು ಎಂದರೆ ಮತ್ತೆ 21 ದಿನ ಕಾಯಬೇಕು. ಮೂರು ಸಲ ತಪ್ಪಿದರೆ ಎರಡು ತಿಂಗಳು. ಲೆಕ್ಕಕ್ಕೆ ಅನುಕೂಲವಾಗಲೆಂದು ದಿನಕ್ಕೆ 6 ಲೀಟರ್ ಹಾಲು, ಲೀಟರಿಗೆ ಪ್ರೋತ್ಸಾಹಧನ ಸೇರಿ 40 ರೂಪಾಯಿ ಎಂದು ಹಿಡಿಯೋಣ. ಎರಡು ತಿಂಗಳಿಗೆ ಸುಮಾರು 14 ಸಾವಿರ ರೂಪಾಯಿ. ಇದು ಯಾರೂ ಕದ್ದುಕೊಂಡು ಹೋದ ಹಣವಲ್ಲ. ಹಾಗಾಗಿ ಹೋದದ್ದೂ ಗೊತ್ತಾಗುವುದಿಲ್ಲ.

ಬೆದೆ ಗುರುತಿಸುವುದು ನಮ್ಮ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತಿದೆ. ಹಸು ಕೂಗುತ್ತದೆ, ಮೇವು ಬಿಡುತ್ತದೆ, ಆವತ್ತು ಹಾಲು ಇಳಿಯುತ್ತದೆ, ಹಿಂದೆ ತಿಳಿಯಾದ ಲೋಳೆ ಕಾಣುತ್ತದೆ. ಆದರೆ ಹಗಲಿರುಳು ಗೊಂತಿಗೆ ಕಟ್ಟಿದ ಹಸು ಇದನ್ನೆಲ್ಲ ಸರಿಯಾಗಿ ತೋರಿಸುವುದಿಲ್ಲ. ಎಷ್ಟೋ ಹಸು ಕೂಗುವುದೂ ಇಲ್ಲ, ಅದು ಮೂಕ ಬೆದೆ. ಅದಕ್ಕೇ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬೇಲಿ ಹಾಕಿದ ಜಾಗದಲ್ಲಿ ಹಸುಗಳನ್ನು ಬಿಡಿ. ಒಂದರ ಮೇಲೊಂದು ಹತ್ತುವುದು ಆಗ ಕಣ್ಣಿಗೆ ಬೀಳುತ್ತದೆ. ಹತ್ತಿಸಿಕೊಂಡು ಅಲುಗದೆ ನಿಂತ ಹಸುವೇ ಬೆದೆಯಲ್ಲಿರುವ ಹಸು. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸಿ. ಸಂಜೆ ಕಂಡರೆ ಮರುದಿನ ಬೆಳಿಗ್ಗೆ.

ಇದಕ್ಕೆ ಬೇಕಾದ ದೊಡ್ಡ ಸಾಧನ ಒಂದು ನೋಟ್‌ಬುಕ್ಕು. ಪ್ರತಿ ಹಸುವಿಗೆ ಒಂದು ಪುಟ. ಈದ ದಿನ ಬರೆಯಿರಿ. ಮೊದಲ ಬೆದೆ ಬಂದ ದಿನ ಬರೆಯಿರಿ. ಈದು ಎರಡರಿಂದ ಮೂರು ತಿಂಗಳ ಒಳಗೆ ಇಂಜೆಕ್ಷನ್ ಆಗಬೇಕು, ಆ ದಿನ ಬರೆಯಿರಿ. ಅದರ ಮುಂದಿನ 21ನೆಯ ದಿನಕ್ಕೆ ಗುರುತು ಹಾಕಿಡಿ. ಆವತ್ತು ಮತ್ತೆ ಬೆದೆ ಕಾಣದಿದ್ದರೂ ಗಬ್ಬ ನಿಂತಿತು ಎಂದು ಸುಮ್ಮನಾಗಬೇಡಿ. ಎರಡೂವರೆ, ಮೂರು ತಿಂಗಳಿಗೆ ವೈದ್ಯರ ಕೈಲಿ ಪರೀಕ್ಷೆ ಮಾಡಿಸಿ. ಗಬ್ಬ ಎಂದುಕೊಂಡು ಐದಾರು ತಿಂಗಳು ಕಾದು ಕೊನೆಗೆ ಬರಿದು ಎಂದು ತಿಳಿಯುವ ಸಂಕಟ ಎಷ್ಟೋ ಮನೆಗಳಲ್ಲಿ ನಡೆದಿದೆ. ಈಯುವುದಕ್ಕೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸುವ ದಿನವನ್ನೂ ಬರೆದಿಡಿ. ಇನ್ನೂ ಎರಡು ಲೀಟರ್ ಬರುತ್ತಿದೆಯಲ್ಲ ಎಂದು ಕೊನೆಯವರೆಗೆ ಕರೆದರೆ ಮುಂದಿನ ಸೂಲಿನಲ್ಲಿ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತೀರಿ.

ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಪುಸ್ತಕ ಅವರ ಕೈಲಿರಲಿ. ಅವ್ವ ನೋಡಿ ಹೇಳಲಿ, ಮಗಳು ಬರೆಯಲಿ.

ದಿನಗಳ ಲೆಕ್ಕ ಆಯಿತು. ಬೆದೆ ತಪ್ಪಿಸಬೇಡಿ, ಬರೆದಿಡಿ, ಗಬ್ಬ ಪರೀಕ್ಷೆ ಮಾಡಿಸಿ ಎಂದೆ. ಇನ್ನು ಎರಡನೆಯದು, ಮೇವು. ಹಾಲಿನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದರದ್ದೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ನಮ್ಮ ಸೀಮೆಯ ಕೊಟ್ಟಿಗೆಯನ್ನು ನೋಡಿದರೆ ಜೋಳದ ಕಡ್ಡಿ ಇರುತ್ತದೆ, ಬೂಸ ಹಿಂಡಿಯ ಮೂಟೆ ಇರುತ್ತದೆ. ನಡುವೆ ಇರಬೇಕಾದ ಹಸಿರು ಮೇವು ಇರುವುದಿಲ್ಲ. ಹಸಿರಿನಿಂದ ಸಿಗಬೇಕಾದ ಪೋಷಣೆಯನ್ನೆಲ್ಲ ಮೂಟೆಯಿಂದ ಕೊಡಲು ಹೋದರೆ ಹಾಲಿನ ಬಟವಾಡೆ ಫೀಡಿನ ಅಂಗಡಿಗೇ ಹೋಗುತ್ತದೆ. ಉದ್ಯಮಕ್ಕೂ ಉಪಕಸುಬಿಗೂ ಇರುವ ವ್ಯತ್ಯಾಸ ನನಗೆ ಕಾಣುವುದು ಇಲ್ಲೇ. ಮೇವು ಕೊಂಡು ಹಾಲು ಮಾರುವವನು ಇಬ್ಬರ ದರಕ್ಕೆ ಸಿಕ್ಕಿಕೊಂಡಿರುತ್ತಾನೆ. ಮೇವು ಬೆಳೆದು ಹಾಲು ಮಾರುವವನು ಒಂದೇ ದರಕ್ಕೆ.

ನೀರಿರುವವರಿಗೆ ಒಂದು ಲೆಕ್ಕ. ಒಂದು ಸೀಮೆಹಸುವಿಗೆ ದಿನಕ್ಕೆ 25 ಕಿಲೋ ಹಸಿರು ಮೇವು. ಎರಡಕ್ಕೆ 50 ಕಿಲೋ. ವರ್ಷಕ್ಕೆ ಸುಮಾರು 18 ಟನ್. ಕೋ-4 ನೇಪಿಯರ್ ಹುಲ್ಲನ್ನು ಚೆನ್ನಾಗಿ ನೀರು ಗೊಬ್ಬರ ಕೊಟ್ಟು ಬೆಳೆದರೆ ಎಕರೆಗೆ ವರ್ಷಕ್ಕೆ ನೂರು ಟನ್ ದಾಟುತ್ತದೆ. ಅಷ್ಟು ಬೇಡ, ಎಂಬತ್ತೇ ಹಿಡಿಯೋಣ. ಆಗ ಗುಂಟೆಗೆ ಎರಡು ಟನ್. ಎರಡು ಹಸುವಿಗೆ ಹತ್ತು ಗುಂಟೆ ಸಾಕು. ಎರಡು ಎಕರೆಯಲ್ಲಿ ಹತ್ತು ಗುಂಟೆ. ಬಾಳೆಗೋ ಅರಿಶಿನಕ್ಕೋ ಕೊಡುವ ಮರ್ಯಾದೆಯನ್ನು ಈ ಹತ್ತು ಗುಂಟೆಗೂ ಕೊಡಿ. ಕೊಟ್ಟಿಗೆ ತೊಳೆದ ನೀರು ಅದಕ್ಕೇ ಹರಿಯಲಿ. ಒಂದು ಸಲ ನೆಟ್ಟರೆ ಮೂರು ನಾಲ್ಕು ವರ್ಷ ಕೊಯ್ಯಬಹುದು. ನೇಪಿಯರ್ ಒಂದೇ ಹಾಕಬೇಡಿ. ಅದರ ಜೊತೆಗೆ ಕುದುರೆ ಮಸಾಲೆ, ಅಲಸಂದೆ, ಬೇಲಿಸಾಲಿನಲ್ಲಿ ಅಗಸೆ ಗಿಡ ಇರಲಿ. ಈ ದ್ವಿದಳದ ಮೇವು ಇದ್ದಷ್ಟೂ ಹಿಂಡಿಯ ಖರ್ಚು ಇಳಿಯುತ್ತದೆ.

ನೀರಿಲ್ಲದವರು ಏನು ಮಾಡಬೇಕು? ಇದು ನ್ಯಾಯವಾದ ಪ್ರಶ್ನೆ. ಆಲಂಬೂರಿನಿಂದ ಕಬಿನಿ ನೀರೆತ್ತಿ ಈ ಸೀಮೆಯ ಕೆರೆಗಳಿಗೆ ತುಂಬಿಸುವ ಕೆಲಸದಿಂದ ಕೆಲವು ಊರುಗಳ ಕೊಳವೆಬಾವಿಗಳಿಗೆ ಜೀವ ಬಂದಿದೆ. ಆದರೆ ಕೆರೆಯಿಂದ ದೂರದ ಎತ್ತರದ ಹೊಲಕ್ಕೆ ಅದು ಮುಟ್ಟುವುದಿಲ್ಲ. ಅಂಥವರಿಗೆ ನನ್ನ ಸಲಹೆ ರಸಮೇವು. ಮಳೆಗಾಲದಲ್ಲಿ ಬೆಳೆದ ಮುಸುಕಿನ ಜೋಳವನ್ನು ಬೇಸಿಗೆಗೆ ಹಸಿಯಾಗಿಯೇ ಉಳಿಸಿಕೊಳ್ಳುವ ಉಪಾಯ ಅದು. ಉಪ್ಪಿನಕಾಯಿ ಹಾಕಿಟ್ಟ ಹಾಗೆ ಎಂದರೆ ನಿಮಗೆ ತಟ್ಟನೆ ತಿಳಿಯುತ್ತದೆ.

ಮಾಡುವ ರೀತಿ ಹೇಳುತ್ತೇನೆ. ತೆನೆಯ ಕಾಳು ಹಾಲು ಕಟ್ಟಿ ಗಟ್ಟಿಯಾಗುತ್ತಾ ಬಂದಾಗ ಇಡೀ ಗಿಡವನ್ನು ಕೊಯ್ಯಿರಿ. ಒಂದು ಅಂಗುಲಕ್ಕೂ ಸಣ್ಣದಾಗಿ ಕತ್ತರಿಸಿ. ಕೈಯಲ್ಲಿ ಹಿಡಿದು ಅದುಮಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಅದು ಸರಿಯಾದ ಹದ. ದಪ್ಪ ಪ್ಲಾಸ್ಟಿಕ್ ಚೀಲಕ್ಕೋ ಗುಂಡಿಗೋ ತುಂಬಿ. ತುಂಬುವಾಗ ಪದರ ಪದರವಾಗಿ ತುಳಿಯಿರಿ. ಒಳಗೆ ಗಾಳಿ ಉಳಿಯಬಾರದು. ಗಾಳಿ ಉಳಿದ ಕಡೆ ಬೂಷ್ಟು ಹಿಡಿಯುತ್ತದೆ. ಬಾಯಿ ಬಿಗಿದು ಕಟ್ಟಿ. 45 ದಿನ ಬಿಟ್ಟು ತೆಗೆದರೆ ಹಳದಿ ಮಿಶ್ರಿತ ಹಸಿರು ಬಣ್ಣ, ಹುಳಿ ಸಿಹಿ ವಾಸನೆ ಬರುತ್ತದೆ. ಕೊಳೆತ ವಾಸನೆ ಬಂದದ್ದನ್ನು ಹಾಕಬೇಡಿ. ಮೊದಲ ದಿನ ಸ್ವಲ್ಪ ಕೊಟ್ಟು ಅಭ್ಯಾಸ ಮಾಡಿಸಿ. ಫೆಬ್ರವರಿಯಿಂದ ಮೇವರೆಗೆ ಹಾಲು ಇಳಿಯುವ ಮನೆಗೆ ಇದು ದೊಡ್ಡ ಆಸರೆ.

ಇದೇ ಜಾಗದಲ್ಲಿ ಒಂದು ಎಚ್ಚರಿಕೆ. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳದ ಪೈರನ್ನು ಹಸುವಿಗೆ ಹಾಕಬೇಡಿ. ಅದರಲ್ಲಿ ವಿಷ ಸೇರಿರುತ್ತದೆ. ಹಸು ತಿಂದ ಸ್ವಲ್ಪ ಹೊತ್ತಿಗೇ ಬಿದ್ದು ಸಾಯಬಹುದು. ಹೂ ಬರುವ ಹಂತ ಮುಟ್ಟಿದ ಮೇಲೆ ಕೊಯ್ಯುವುದು ಕ್ಷೇಮ.

ಮೇವು ಕತ್ತರಿಸುವ ಯಂತ್ರದ ಬಗ್ಗೆ ಎರಡು ಮಾತು. ಉದ್ದ ಕಡ್ಡಿಯನ್ನು ಹಾಗೇ ಹಾಕಿದರೆ ಹಸು ಗರಿ ತಿಂದು ದಂಟು ಬಿಡುತ್ತದೆ. ಬಿಟ್ಟದ್ದು ತಿಪ್ಪೆಗೆ. ಕತ್ತರಿಸಿ ಹಾಕಿದರೆ ದಂಟೂ ಹೊಟ್ಟೆಗೆ ಹೋಗುತ್ತದೆ. ಸಂಖ್ಯೆ ಹೆಚ್ಚಿಸಲು ಹಣ ಹಾಕುವುದಕ್ಕಿಂತ ಮೊದಲು ಈ ಯಂತ್ರಕ್ಕೆ ಹಾಕಿ. ಇಲಾಖೆಯಲ್ಲೂ ಒಕ್ಕೂಟದಲ್ಲೂ ಸಹಾಯಧನ ಬಂದಾಗ ಬಿಡಬೇಡಿ.

ಇನ್ನು ನೀರು. ಹೇಳಿದರೆ ತೀರ ಸಣ್ಣ ಮಾತು ಅನ್ನಿಸಬಹುದು. ಹಾಲು ಕೊಡುವ ಹಸು ದಿನಕ್ಕೆ 60ರಿಂದ 80 ಲೀಟರ್ ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನಾವು ಎರಡು ಹೊತ್ತು ಬಕೆಟ್ಟು ಹಿಡಿಯುತ್ತೇವೆ. ರಾತ್ರಿ ಬಾಯಾರಿದ ಹಸು ಯಾರನ್ನು ಕೇಳಬೇಕು? ಗೊಂತಿನ ಪಕ್ಕ ಸದಾ ನೀರಿರುವ ಒಂದು ತೊಟ್ಟಿ ಕಟ್ಟಿಸಿ. ಫೀಡಿಗೆ ಒಂದು ರೂಪಾಯಿ ಹೆಚ್ಚು ಸುರಿಯದೆ ಹಾಲು ಏರುವ ದಾರಿ ಇದು.

ಬರಿದಾದ ದಿನ, ಮೇವು, ನೀರು. ಮೂರನ್ನು ನೋಡಿದೆವು. ಇನ್ನು ಡೈರಿಯ ತಕ್ಕಡಿಯ ಮುಂದೆ ನಿಲ್ಲೋಣ.

ನಿಮ್ಮ ಹಾಲಿನ ದರ ಕೊಬ್ಬು ಮತ್ತು ಎಸ್‌ಎನ್‌ಎಫ್ ಎರಡರ ಮೇಲೆ ನಿಂತಿದೆ. ಎಸ್‌ಎನ್‌ಎಫ್ ಎಂದರೆ ಕೊಬ್ಬು ಮತ್ತು ನೀರು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ. ಹಸುವಿನ ಹಾಲಿಗೆ ಕೊಬ್ಬು ಮೂರೂವರೆ, ಎಸ್‌ಎನ್‌ಎಫ್ ಎಂಟೂವರೆ ಇರಬೇಕು. ನೀರು ಬೆರೆಸದಿದ್ದರೂ ಎಸ್‌ಎನ್‌ಎಫ್ ಕಡಿಮೆ ಬಂತು ಎಂದು ಎಷ್ಟೋ ತಾಯಂದಿರು ನೊಂದುಕೊಳ್ಳುತ್ತಾರೆ. ಅವರ ನೋವು ನಿಜವಾದದ್ದು. ನೀರು ಬೆರೆಸದೆಯೂ ಅದು ಇಳಿಯುತ್ತದೆ. ಹಸುವಿಗೆ ಶಕ್ತಿಯ ಆಹಾರ ಸಾಲದಿದ್ದರೆ ಇಳಿಯುತ್ತದೆ. ಕೆಚ್ಚಲಿನ ಒಳಗೆ ಕಣ್ಣಿಗೆ ಕಾಣದ ಬಾವು ಇದ್ದರೂ ಇಳಿಯುತ್ತದೆ.

ಆಹಾರಕ್ಕೆ ಒಂದು ಸರಳ ಅಳತೆ ಇಟ್ಟುಕೊಳ್ಳಿ. ಹಸುವಿನ ಮೈ ಉಳಿಯಲು ದಿನಕ್ಕೆ ಒಂದೂವರೆಯಿಂದ ಎರಡು ಕಿಲೋ ಪಶು ಆಹಾರ. ಅದರ ಮೇಲೆ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ. ಜೊತೆಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ. ಆರು ಲೀಟರ್ ಕೊಡುವ ಹಸುವಿಗೂ ಹನ್ನೆರಡು ಲೀಟರ್ ಕೊಡುವ ಹಸುವಿಗೂ ಒಂದೇ ಡಬ್ಬದಲ್ಲಿ ಅಳೆದು ಹಾಕಿದರೆ ಒಂದಕ್ಕೆ ವ್ಯರ್ಥ, ಇನ್ನೊಂದಕ್ಕೆ ಅನ್ಯಾಯ.

ಕೆಚ್ಚಲು ಬಾವಿಗೆ ಬರೋಣ. ಹೆಬ್ಬೆಟ್ಟು ಮಡಚಿ ಮೊಲೆಗೆ ಒತ್ತಿ ಕರೆಯುವ ರೂಢಿ ಬಿಡಿ. ಇಡೀ ಅಂಗೈಯಲ್ಲಿ ಹಿಡಿದು ಕರೆಯಿರಿ. ಮೊದಲ ಎರಡು ಧಾರೆಯನ್ನು ಬೇರೆ ಬಟ್ಟಲಿಗೆ ಬಿಟ್ಟು ಗರಣೆ ಇದೆಯೇ ನೋಡಿ. ಕರೆದಾದ ಮೇಲೆ ಮೊಲೆಯ ತೂತು ಅರ್ಧ ಗಂಟೆ ತೆರೆದೇ ಇರುತ್ತದೆ. ಆಗ ಹಸು ಸಗಣಿಯ ಮೇಲೆ ಮಲಗಿದರೆ ರೋಗ ಒಳಗೆ ಹೋಯಿತು ಎಂದೇ ಲೆಕ್ಕ. ಅದಕ್ಕೆ ಕರೆದ ತಕ್ಷಣ ಮೇವು ಹಾಕಿ. ತಿನ್ನುತ್ತಾ ನಿಂತಿರಲಿ.

ರೋಗದ ಮಾತು ಬಂದದ್ದರಿಂದ ಇನ್ನೊಂದನ್ನು ನೆನಪಿಸಲೇಬೇಕು. 2013ರಲ್ಲಿ ಹಳೇ ಮೈಸೂರು ಸೀಮೆಯಲ್ಲಿ ಕಾಲುಬಾಯಿ ಜ್ವರ ಹರಡಿ ಸಾವಿರಾರು ಹಸುಗಳು ಸತ್ತವು. 2022ರಲ್ಲಿ ಚರ್ಮಗಂಟು ರೋಗ ಬಂತು. ಎರಡೇ ಹಸು ಇರುವ ಮನೆಯಲ್ಲಿ ಒಂದು ಸತ್ತರೆ ಅರ್ಧ ಉದ್ಯಮವೇ ಸತ್ತಂತೆ. ಕಾಲುಬಾಯಿ ಲಸಿಕೆ ವರ್ಷಕ್ಕೆರಡು ಸಲ ಪುಕ್ಕಟೆ ಮನೆ ಬಾಗಿಲಿಗೆ ಬರುತ್ತದೆ. ಹಾಲು ಇಳಿಯುತ್ತದೆ ಎಂದು ಹಸುವನ್ನು ಹೊಲಕ್ಕೆ ಕಳಿಸಿಬಿಡುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ಮೂರು ದಿನ ಇಳಿದ ಹಾಲು ಮತ್ತೆ ಬರುತ್ತದೆ. ವಿಮೆ ಮಾಡಿಸಿ. ಕಿವಿಯೋಲೆಯ ಹನ್ನೆರಡು ಅಂಕಿಯ ಸಂಖ್ಯೆಯನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಓಲೆ ಬಿದ್ದು ಹೋದರೆ ಕೂಡಲೇ ಹೊಸದು ಹಾಕಿಸಿ. ತುರ್ತು ಚಿಕಿತ್ಸೆಗೆ 1962 ಎಂಬ ಸಂಖ್ಯೆಗೆ ಕರೆ ಮಾಡಿದರೆ ಪಶು ಆಂಬುಲೆನ್ಸ್ ಊರಿಗೆ ಬರುತ್ತದೆ.

ಇಲ್ಲಿಯವರೆಗೆ ಹಾಲು ಕೊಡುವ ಹಸುವಿನ ಮಾತಾಯಿತು. ಹೋರಿ ಕರುವಿನ, ಬರಡು ಹಸುವಿನ ಮಾತು ಎತ್ತದೆ ಹೋದರೆ ಈ ಲೆಕ್ಕ ಪ್ರಾಮಾಣಿಕವಾಗುವುದಿಲ್ಲ. ಬೇರೆ ಎಷ್ಟೋ ದೇಶಗಳಲ್ಲಿ ಹೈನುಗಾರನ ಹೋರಿ ಕರು ಮಾಂಸದ ಮಾರುಕಟ್ಟೆಗೆ ಹೋಗಿ ಇನ್ನೊಂದು ಆದಾಯ ತರುತ್ತದೆ. ನಮ್ಮಲ್ಲಿ ಆ ದಾರಿಯಿಲ್ಲ. 1964ರ ಗೋಹತ್ಯೆ ತಡೆ ಕಾಯ್ದೆಯಲ್ಲಿ ದುಡಿಮೆಗೆ ಬಾರದ ಇಲ್ಲವೇ ಹನ್ನೆರಡು ವರ್ಷ ಮೀರಿದ ಎತ್ತು ಎಮ್ಮೆಗಳ ವಧೆಗೆ ಅವಕಾಶವಿತ್ತು. 2020ರ ಕಾಯ್ದೆ ಹದಿಮೂರು ವರ್ಷ ಮೀರಿದ ಎಮ್ಮೆ ಕೋಣಗಳನ್ನು ಬಿಟ್ಟು ಉಳಿದ ಎಲ್ಲ ದನಗಳ ವಧೆಯನ್ನು ನಿಷೇಧಿಸಿದೆ. ತೆರಕಣಾಂಬಿಯ ದನದ ಸಂತೆಯಲ್ಲಿ ಉಳುವ ಎತ್ತಿಗೆ ಬೆಲೆ ಇದೆ, ಸೀಮೆಹಸುವಿನ ಹೋರಿ ಕರುವಿಗೆ ಗಿರಾಕಿ ಎಲ್ಲಿ? ಹಳ್ಳಿಕಾರ್ ಎತ್ತಿನ ಹಾಗೆ ಅದು ಬಿಸಿಲಿನಲ್ಲಿ ಉಳಲಾರದು. ಅದನ್ನು ಸಾಕುವ ಖರ್ಚು ಪೂರ್ತಿ ಸಣ್ಣ ರೈತನ ತಲೆಯ ಮೇಲೆಯೇ ಬೀಳುತ್ತದೆ. ಕಾನೂನು ಮಾಡಿದವರು ಈ ಖರ್ಚನ್ನು ಹಂಚಿಕೊಳ್ಳುವ ದಾರಿಯನ್ನೂ ಮಾಡಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ. ಹತ್ತಿರದಲ್ಲಿ ಗೋಶಾಲೆ ಇಲ್ಲದ ಊರಿನವರು ಏನು ಮಾಡಬೇಕು?

ರೈತನ ಕೈಯಲ್ಲಿ ಈಗ ಇರುವ ಒಂದು ದಾರಿ ಎಂದರೆ ಹೋರಿ ಕರು ಹುಟ್ಟುವುದನ್ನೇ ಕಡಿಮೆ ಮಾಡುವುದು. ಹೆಣ್ಣು ಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ಕಡ್ಡಿಗಳು ಈಗ ಸಿಗುತ್ತವೆ. ಗಬ್ಬ ನಿಂತರೆ ಹತ್ತರಲ್ಲಿ ಒಂಬತ್ತು ಪಾಲು ಹೆಣ್ಣು ಕರು. ಗಬ್ಬ ನಿಲ್ಲುವ ಪ್ರಮಾಣ ಮಾತ್ರ ಸಾಮಾನ್ಯ ಕಡ್ಡಿಗಿಂತ ಸ್ವಲ್ಪ ಕಡಿಮೆ. ಅದಕ್ಕೇ ಬೆದೆ ಸರಿಯಾಗಿ ಬರುವ, ಮೈಗೂಡಿದ ಕಡಸಿಗೆ, ಎಳೆ ಹಸುವಿಗೆ ಕೊಡಿಸಿ. ತಿರುಗಿ ತಿರುಗಿ ಬೆದೆಗೆ ಬರುವ ಹಸುವಿಗೆ ಕೊಡಿಸಿ ಹಣ ಕಳೆದುಕೊಳ್ಳಬೇಡಿ.

ಸಗಣಿಯನ್ನೂ ಲೆಕ್ಕಕ್ಕೆ ಸೇರಿಸಿ. ಹಂಗಳದ ಜನ ಕಲಿಸಿದ ಪಾಠ ಅದು. ಎರಡು ಹಸು ದಿನಕ್ಕೆ 30 ಕಿಲೋಗಿಂತ ಹೆಚ್ಚು ಸಗಣಿ ಹಾಕುತ್ತವೆ. ವರ್ಷಕ್ಕೆ ಹತ್ತು ಟನ್ ಮೀರುತ್ತದೆ. ಅರಿಶಿನ ಬಾಳೆಯ ಸೀಮೆಯಲ್ಲಿ ಅದಕ್ಕೆ ಬೆಲೆ ಇದ್ದೇ ಇದೆ. ಮಳೆಯಲ್ಲಿ ಸಾರ ಹರಿದುಹೋಗುವ ಬೀದಿಯ ತಿಪ್ಪೆಯಿಂದ ನೆರಳಿರುವ ಗುಂಡಿಗೆ ಅದನ್ನು ಸೇರಿಸಿದರೆ ಅರ್ಧ ಕೆಲಸವಾಯಿತು.

ಈಗ ಹಣ ಯಾರ ಕೈಗೆ ಎಂಬ ಪ್ರಶ್ನೆ. ಕೊಟ್ಟಿಗೆ ಬಳಿಯುವವರು, ಮೇವು ಹೊರುವವರು, ಹಾಲು ಕರೆಯುವವರು ಹೆಚ್ಚಿನ ಮನೆಗಳಲ್ಲಿ ಹೆಂಗಸರು. ಸಂಘದ ಸದಸ್ಯತ್ವ ಮಾತ್ರ ಗಂಡಸಿನ ಹೆಸರಿನಲ್ಲಿ. ಬಟವಾಡೆಯ ಹಣವೂ ಅವನ ಖಾತೆಗೆ. ಇದು ಸರಿಯಲ್ಲ. ನ್ಯಾಯದ ದೃಷ್ಟಿಯಿಂದಲೂ ಸರಿಯಲ್ಲ, ವ್ಯವಹಾರದ ದೃಷ್ಟಿಯಿಂದಲೂ ಸರಿಯಲ್ಲ. ಹಸುವಿನ ಬೆದೆ ಯಾರ ಕಣ್ಣಿಗೆ ಬೀಳುತ್ತದೋ, ಖನಿಜ ಮಿಶ್ರಣ ಮುಗಿದದ್ದು ಯಾರಿಗೆ ಗೊತ್ತೋ, ಅದಕ್ಕೆ ಹಣ ಖರ್ಚು ಮಾಡುವ ಅಧಿಕಾರವೂ ಅವರಿಗೇ ಇರಬೇಕು. ಮಹಿಳೆಯರೇ ನಡೆಸುವ ಹಾಲು ಉತ್ಪಾದಕರ ಸಂಘಗಳು ರಾಜ್ಯದಲ್ಲಿ ಬಹಳ ಇವೆ. ಅಕ್ಕಂದಿರೇ, ನಿಮ್ಮ ಊರಿನಲ್ಲಿ ಅದಿಲ್ಲದಿದ್ದರೆ ಇರುವ ಸಂಘದಲ್ಲೇ ನಿಮ್ಮ ಹೆಸರಿಗೆ ಸದಸ್ಯತ್ವ ಕೇಳಿ. ಅಣ್ಣಂದಿರೇ, ಅದಕ್ಕೆ ನೀವೇ ಮುಂದೆ ನಿಂತು ಅರ್ಜಿ ಬರೆದುಕೊಡಿ.

ಸಾಲದ ಬಗ್ಗೆಯೂ ಹೇಳಿಬಿಡುತ್ತೇನೆ. ಬೆಳೆಗೆ ಕೊಡುತ್ತಿದ್ದ ಕಿಸಾನ್ ಕ್ರೆಡಿಟ್ ಕಾರ್ಡನ್ನು 2018-19ರ ಕೇಂದ್ರ ಬಜೆಟ್‌ನಲ್ಲಿ ಪಶುಪಾಲನೆಗೂ ವಿಸ್ತರಿಸಿದರು. ಅದು ಹಸು ಕೊಳ್ಳುವ ಸಾಲವಲ್ಲ, ದಿನದ ನಿರ್ವಹಣೆಯ ಸಾಲ. ಕಡಿಮೆ ಬಡ್ಡಿಯ ಹಣ. ಜೋಳದ ಕಡ್ಡಿ ಅಗ್ಗವಾಗಿ ಸಿಗುವ ಸುಗ್ಗಿಯಲ್ಲಿ ಕೊಂಡಿಡಲು, ರಸಮೇವಿನ ಚೀಲ ತುಂಬಲು ಇದನ್ನು ಬಳಸಿ. ಅಂಗಡಿಯವನ ಹತ್ತಿರ ಸಾಲದ ಮೇಲೆ ಫೀಡು ತಂದು ಅವನು ಹೇಳಿದ ದರ ಕೊಡುವುದು ತಪ್ಪುತ್ತದೆ.

ಹಾಗಾದರೆ ಮೂರನೆಯ ಹಸು ಯಾವಾಗ? ಎರಡು ಹಸುಗಳ ಪುಟ ತೆಗೆದು ನೋಡಿ. ಎರಡೂ ಹದಿನಾಲ್ಕು ತಿಂಗಳ ಒಳಗೆ ಈಯುತ್ತಿವೆಯೇ? ಇನ್ನೈದು ಗುಂಟೆ ಹಸಿರು ಮೇವು ಮೊದಲೇ ಎದ್ದು ನಿಂತಿದೆಯೇ? ಕಳೆದ ಬೇಸಿಗೆಯನ್ನು ಮೇವು ಕೊಳ್ಳದೆ ದಾಟಿದಿರಾ? ಹೌದಾದರೆ ಕಾಲ ಬಂತು. ಆದರೆ ಸಂತೆಗೆ ಹೋಗಬೇಡಿ. ಸಂತೆಯಲ್ಲಿ ಒಳ್ಳೆಯ ಹಸು ಮಾರುವವರು ಕಡಿಮೆ. ಹೊರಗಿನ ಹಸುವಿನ ಜೊತೆ ಹೊರಗಿನ ರೋಗವೂ ಬರುತ್ತದೆ. ನಿಮ್ಮ ಮೂರನೆಯ ಹಸು ನಿಮ್ಮ ಕೊಟ್ಟಿಗೆಯಲ್ಲೇ ಇದೆ. ಅಲ್ಲಿ ಹುಟ್ಟುವ ಹೆಣ್ಣು ಕರುವೇ ಅದು.

ಅದು ಹುಟ್ಟಿದ ಒಂದು ಗಂಟೆಯ ಒಳಗೆ ಗಿಣ್ಣು ಹಾಲು ಕುಡಿಸಿ. ಸತ್ತೆ ಬೀಳಲಿ ಎಂದು ಕಾಯಬೇಡಿ. ತಾಯಿ ಕೊಡುವ ರೋಗನಿರೋಧಕ ಶಕ್ತಿ ಕರುವಿನ ಕರುಳಿನಿಂದ ರಕ್ತ ಸೇರಲು ಸಮಯ ಬಹಳ ಕಡಿಮೆ. ಕರುವಿನ ತೂಕದ ಹತ್ತರಲ್ಲಿ ಒಂದು ಪಾಲು ಹಾಲು, ಅಂದರೆ ಎರಡೂವರೆ ಮೂರು ಲೀಟರ್, ದಿನವೂ ಅದರ ಹಕ್ಕು. ಡೈರಿಗೆ ಹಾಕುವ ಹಾಲಿನಲ್ಲಿ ಅಷ್ಟು ಕಡಿಮೆಯಾದರೆ ಆಗಲಿ. ಹತ್ತನೆಯ ದಿನಕ್ಕೆ ಜಂತುಹುಳದ ಔಷಧ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ನಾಲ್ಕರಿಂದ ಎಂಟು ತಿಂಗಳ ನಡುವೆ ಕಂದು ರೋಗದ ಲಸಿಕೆ, ಜೀವಮಾನಕ್ಕೆ ಒಂದೇ ಸಲ. ಚೆನ್ನಾಗಿ ಬೆಳೆದ ಕಡಸು ಒಂದೂವರೆ ವರ್ಷದ ಒಳಗೆ 250 ಕಿಲೋ ತೂಗುತ್ತದೆ, ಬೆದೆಗೆ ಬರುತ್ತದೆ. ಎರಡೂವರೆ ವರ್ಷಕ್ಕೆ ಕರು ಹಾಕುತ್ತದೆ. ಅರೆಹೊಟ್ಟೆಯಲ್ಲಿ ಬೆಳೆದದ್ದು ನಾಲ್ಕು ವರ್ಷವಾದರೂ ಹಾಗೇ ನಿಂತಿರುತ್ತದೆ. ನೋಟ್‌ಬುಕ್ಕಿನ ಮೂರನೆಯ ಪುಟವನ್ನು ಅದು ಹುಟ್ಟಿದ ದಿನವೇ ತೆರೆಯಿರಿ. ಮೇಲೆ ಹುಟ್ಟಿದ ದಿನ, ಕೆಳಗೆ ಗಿಣ್ಣು ಹಾಲು ಕುಡಿಸಿದ ಹೊತ್ತು.